ಮೋಟಾರು ಬ್ಯಾಟರಿ: ಆಯ್ಕೆ ಮತ್ತು ಆರೈಕೆ

ಹುನಗುಂದದ ಸುಡುಬೇಸಗೆಯಲ್ಲಿ ವಾರಗಟ್ಟಲೆ ಓಡದೆ ನಿಂತ ಸ್ಪೋರ್ಟ್ಸ್ ಕಾರು ಚಾಲನೆಗೊಳ್ಳದಿದ್ದರೆ ಮೊದಲು ಬ್ಯಾಟರಿಯನ್ನು ಪರೀಕ್ಷಿಸತಕ್ಕದ್ದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ನಿರ್ಮಿಸಿದ ಸೀಸ-ಆಮ್ಲದ ಕೋಶವೇ ಇದರ ಮೂಲ. ಅಂತಹ 6 ಕೋಶಗಳು ಕೂಡಿ 12 ವೋಲ್ಟಿನ ಬ್ಯಾಟರಿಯಾಗುವುದು. ಪೂರ್ಣವಾಗಿ ತುಂಬಿ ವಿಶ್ರಮಿಸಿದಾಗ ಅದು ಸುಮಾರು 12.6 ವೋಲ್ಟು ತೋರುವುದು, 12.4ಕ್ಕಿಳಿದರೆ ಮರಳಿ ವಿದ್ಯುತ್ತು ತುಂಬಬೇಕು. ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಶಕ್ತಿಯು ಕುಂದುವುದು. ಬೇಸಗೆಯ ತಾಪವು ಈ ಕ್ಷಯವನ್ನು ತ್ವರೆಗೊಳಿಸುವುದು.

ಹೊಸದನ್ನು ಕೊಳ್ಳುವವರು ಅದರ ಅಳತೆ, ಧ್ರುವಗಳ ಸ್ಥಾನ, ಆಂಪಿಯರ್-ಗಂಟೆ, ತಯಾರಾದ ತಿಂಗಳು ಇವುಗಳನ್ನು ನೋಡಬೇಕು. ನೀರು ಹೊಯ್ಯುವ ಬಗೆಯದಾದರೆ ಭಟ್ಟಿಯಿಳಿಸಿದ ನೀರೇ ಆಗಬೇಕು; ಬಾವಿನೀರಿನ ಲವಣಗಳು ಫಲಕಗಳನ್ನು ಕೆಡಿಸುವುವು. ಗಾಡಿಯ ಒಡಲಿಗೆ ಸೇರಿದ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು. ತುಂಬುವಾಗ ಹೊರಡುವ ಜಲಜನಕವು ಸಿಡಿಯಬಲ್ಲುದು. ಬಳಿಯಲ್ಲಿ ಕಿಡಿ ಸಲ್ಲದು. ಹಳೆಯದನ್ನು ಅಂಗಡಿಗೇ ಹಿಂತಿರುಗಿಸಿರಿ. ಸೀಸವು ನೆಲಜಲಗಳಿಗೆ ವಿಷ.