ಜಲಪಾತದ ಊರಿನ ಜಮಾ-ಖರ್ಚು



ಆಶಯ ಭಾಷಣವೆಂದರೆ ಭಾಷೆ, ಸಂಸ್ಕೃತಿ ಎಂದು ಆರಂಭಿಸುವುದು ವಾಡಿಕೆ. ನಾನು ವೃತ್ತಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ನಾವು ಸೇರಿರುವ ಈ ಟ್ರೋಲ್‌ಹೆಟ್ಟನ್ ಊರನ್ನೇ ಲೆಕ್ಕದ ಪುಸ್ತಕದಂತೆ ಓದಿ ಹೇಳುತ್ತೇನೆ. ನಮ್ಮಲ್ಲಿ ಹಲವರ ಸಂಬಳ, ಪರವಾನಗಿ, ಮನೆ ಬಾಡಿಗೆ ಮೂರೂ ಒಂದೇ ಕಂಪನಿಯನ್ನು ನೆಚ್ಚಿಕೊಂಡಿವೆ. ಅಂಥ ಕಂಪನಿ ಮುಳುಗಿದರೆ ಊರಿಗೆ ಏನು ಉಳಿಯುತ್ತದೆ, ನೌಕರನ ಕೈಗೆ ಏನು ಬರುತ್ತದೆ ಎಂಬುದನ್ನು ಈ ಊರು ಅನುಭವಿಸಿ ನೋಡಿದೆ.

ಊರಿನ ಮೊದಲ ಆಸ್ತಿ ನೀರು. ವೆನರ್ನ್ ಸರೋವರದಿಂದ ಹೊರಟ ಯೋತಾ ಎಲ್ವ್ ನದಿ ಇಲ್ಲಿ 32 ಮೀಟರ್ ಕೆಳಗೆ ಧುಮುಕುತ್ತದೆ. ಮಧ್ಯಯುಗದಲ್ಲಿ ಸ್ವೀಡನ್ನಿನ ಪಶ್ಚಿಮದ ಬಾಗಿಲು ಈ ನದಿಯ ಕೆಳಭಾಗದ ಲೋಡೋಸೆ ಪಟ್ಟಣ. ಅಲ್ಲಿ ನಾಣ್ಯ ಟಂಕಿಸುತ್ತಿದ್ದರು. ಒಳನಾಡಿನ ಸರಕು ದೋಣಿಯಲ್ಲಿ ಜಲಪಾತದವರೆಗೆ ಬಂದು, ಅಲ್ಲಿ ಇಳಿದು, ಗಾಡಿಯಲ್ಲಿ ಸುತ್ತುಹಾಕಿ, ಮತ್ತೆ ದೋಣಿ ಹತ್ತಬೇಕಿತ್ತು. ಅಂದಿನ ಲೆಕ್ಕದಲ್ಲಿ ಜಲಪಾತ ಬರೀ ಖರ್ಚು.

ಆ ಖರ್ಚು ತಪ್ಪಿಸಲು 18ನೆಯ ಶತಮಾನದಲ್ಲಿ ಕ್ರಿಸ್ಟೋಫರ್ ಪೋಲ್ಹೆಮ್ ಎಂಬ ಎಂಜಿನಿಯರ್ ಬಂಡೆ ಒಡೆದು ಹಡಗಿನ ದಾರಿ ಮಾಡಲು ಯೋಜನೆ ಹಾಕಿದ. ಅವನು ತೀರಿಕೊಂಡ ಮೇಲೆ, 1755ರಲ್ಲಿ, ತೇಲಿಬಂದ ಮರದ ದಿಮ್ಮಿಗಳು ಅಣೆಕಟ್ಟನ್ನು ಒಡೆದವು. ಹಾಕಿದ ಹಣವೆಲ್ಲ ನೀರುಪಾಲು. ಕೊನೆಗೆ ಖಾಸಗಿ ಕಂಪನಿಯೊಂದು ಹಡಗುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಲಾಕ್‌ಗಳನ್ನು ಕಟ್ಟಿ 1800ರಲ್ಲಿ ತೆರೆಯಿತು. 1844ರಲ್ಲಿ ನಿಲ್ಸ್ ಎರಿಕ್ಸನ್ ಇನ್ನೂ ದೊಡ್ಡವನ್ನು ಕಟ್ಟಿದ, 1916ರಲ್ಲಿ ಈಗಿನವು ಬಂದವು. ಟ್ರೋಲ್‌ಹೆಟ್ಟನ್‌ಗೆ ನಗರದ ಪಟ್ಟ ಸಿಕ್ಕಿದ್ದೂ ಅದೇ ವರ್ಷ. ಮೂರು ಕಾಲದ ಲಾಕ್‌ಗಳೂ ಇಂದಿಗೂ ಅಕ್ಕಪಕ್ಕದಲ್ಲಿವೆ. ಊಟದ ವಿರಾಮದಲ್ಲಿ ನಡೆದು ನೋಡಿ ಬನ್ನಿ.

ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಇಲ್ಲಿನ ಓಲಿದಾನ್ ವಿದ್ಯುದಾಗಾರ ಶುರುವಾದದ್ದು 1910ರಲ್ಲಿ. ಈ ಒಂದು ವಿಷಯದಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷ ಮುಂದಿತ್ತು ಎಂದು ಇಲ್ಲಿನ ಸಹೋದ್ಯೋಗಿಗಳಿಗೆ ಹೇಳುವಾಗ ನನಗೆ ಬಿಗುಮಾನ ಬರುವುದು ನಿಜ. ಜೋಗದಂತೆ ಇಲ್ಲೂ ಜಲಪಾತ ಈಗ ಬಹುಪಾಲು ಒಣ ಬಂಡೆ. ಬೇಸಿಗೆಯಲ್ಲಿ ಗೊತ್ತುಪಡಿಸಿದ ಹೊತ್ತಿಗೆ ಗೇಟು ತೆರೆದು ಸೆಕೆಂಡಿಗೆ 3 ಲಕ್ಷ ಲೀಟರ್ ನೀರು ಬಿಡುತ್ತಾರೆ, ಜನ ಸೇತುವೆಯ ಮೇಲೆ ನಿಂತು ನೋಡುತ್ತಾರೆ.

ನೀರಿನ ಬಲದ ಪಕ್ಕದಲ್ಲೇ ಕಾರ್ಖಾನೆಗಳು ಬೆಳೆದವು. 1847ರಲ್ಲಿ ಹುಟ್ಟಿದ ನೋಹಾಬ್ ರೈಲು ಎಂಜಿನ್ ತಯಾರಿಸಿತು. 1920ರಲ್ಲಿ ಸೋವಿಯತ್ ರಷ್ಯಾದಿಂದ 1,000 ಎಂಜಿನ್‌ಗಳ ಬೇಡಿಕೆ ಬಂದು, ಆಮೇಲೆ ಅದು ಅರ್ಧಕ್ಕಿಳಿಯಿತು. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಬಲ್ಲ ಯಾವ ಆಡಿಟರ್‌ಗೂ ಇದು ಹೊಸ ಕಥೆಯಲ್ಲ. 1937ರಲ್ಲಿ ವಿಮಾನಕ್ಕಾಗಿ ಸಾಬ್ ಕಂಪನಿ ಬಂತು. ಯುದ್ಧ ಮುಗಿದ ಮೇಲೆ ಕಾರಿಗೆ ಕೈಹಾಕಿ, 1949ರ ಡಿಸೆಂಬರಿನಲ್ಲಿ ಸಾಬ್ 92 ಉತ್ಪಾದನೆ ಶುರುಮಾಡಿತು.

ಕಾರಿನ ಕಂಪನಿ 1990ರಲ್ಲಿ ಅರ್ಧ, 2000ದಲ್ಲಿ ಪೂರ್ತಿ ಜನರಲ್ ಮೋಟರ್ಸ್ ಪಾಲಾಯಿತು. 2010ರಲ್ಲಿ ನೆದರ್ಲೆಂಡ್ಸಿನ ಸ್ಪೈಕರ್ ಕೊಂಡಿತು. 2011ರ ಏಪ್ರಿಲಿನಲ್ಲಿ ಬಿಡಿಭಾಗ ಪೂರೈಸುವವರಿಗೆ ಹಣ ಕೊಡಲಾಗದೆ ಉತ್ಪಾದನೆ ನಿಂತಿತು, ಜೂನ್‌ನಲ್ಲಿ ಸಂಬಳವೂ ತಡವಾಯಿತು. ಸೆಪ್ಟೆಂಬರಿನಲ್ಲಿ ನೌಕರರ ಸಂಘಗಳೇ ಕೋರ್ಟಿಗೆ ಹೋಗಿ, ಕಂಪನಿಯನ್ನು ದಿವಾಳಿ ಎಂದು ಘೋಷಿಸಿ ಎಂದು ಕೇಳಿದವು. ನಮ್ಮ ಕಡೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು; ಅನ್ನ ಕೊಡುವ ಕಂಪನಿಯ ದಿವಾಳಿಯನ್ನು ನೌಕರರೇ ಕೇಳುವುದೇ? ಕಾರಣ ಕಾನೂನಿನಲ್ಲಿದೆ. ಕಂಪನಿ ದಿವಾಳಿಯಾದರೆ, ಇಲ್ಲವೇ ಕೋರ್ಟಿನ ಮೇಲ್ವಿಚಾರಣೆಯ ಪುನರ್‌ರಚನೆಗೆ ಹೋದರೆ ಮಾತ್ರ ಸರ್ಕಾರದ ಸಂಬಳ ಖಾತರಿ ಜಾರಿಗೆ ಬರುತ್ತದೆ. ಕಂಪನಿ ಸುಮ್ಮನೆ ತೇಕುತ್ತಾ ಬಿದ್ದಿದ್ದರೆ ನೌಕರನಿಗೆ ಆ ಖಾತರಿ ಇಲ್ಲ. 2011ರ ಡಿಸೆಂಬರ್ 19ರಂದು ಕಂಪನಿ ದಿವಾಳಿಯಾಯಿತು. 3,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು.

ಈ ಖಾತರಿ ಪೌರತ್ವ ಕೇಳುವುದಿಲ್ಲ, ಆದ್ದರಿಂದ ನಮಗೂ ಅನ್ವಯ. ಆದರೆ ಮಿತಿಗಳಿವೆ. ಹಿಂಬಾಕಿ ಸಂಬಳ ಸಾಮಾನ್ಯವಾಗಿ ಅರ್ಜಿಗೆ ಮುಂಚಿನ ಮೂರು ತಿಂಗಳದ್ದು ಮಾತ್ರ. ಒಟ್ಟು ಮೊತ್ತ ಸರ್ಕಾರ ಪ್ರತಿವರ್ಷ ನಿಗದಿಪಡಿಸುವ ಮೂಲ ಬೆಲೆಮೊತ್ತದ ನಾಲ್ಕು ಪಟ್ಟು ದಾಟುವಂತಿಲ್ಲ. ಹಾಗಾಗಿ ನಾಲ್ಕು ತಿಂಗಳು "ಮುಂದಿನ ವಾರ ಬರುತ್ತೆ" ಎಂದು ಕಾಯುವವರು ಒಂದು ತಿಂಗಳ ಸಂಬಳವನ್ನೇ ಕಳೆದುಕೊಳ್ಳಬಹುದು. ಎ-ಕಾಸಾ ಎಂಬ ನಿರುದ್ಯೋಗ ವಿಮೆ ಬೇರೆ. ಅದಕ್ಕೆ ಮೊದಲೇ ಸದಸ್ಯರಾಗಿರಬೇಕು. ಕಂಪನಿ ಅಲುಗಾಡಿದ ಮೇಲೆ ಸೇರಿದರೆ ತಡವಾಯಿತು ಎಂದೇ ತಿಳಿಯಿರಿ. ಕೆಲಸದ ಪರವಾನಗಿ ಮೇಲಿದ್ದವರಿಗೆ ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ ಸಿಗುವ ಗಡುವು ಮೂರೇ ತಿಂಗಳು. ಪಕ್ಕದ ಮನೆಯ ಸ್ವೀಡಿಷ್ ನೌಕರನಿಗೆ ಈ ಗಡುವಿಲ್ಲ. ನಮ್ಮಿಬ್ಬರ ಲೆಕ್ಕ ಬೇರೆಯಾಗುವುದು ಇಲ್ಲೇ.

ಊರಿಗೆ ಏನು ಉಳಿಯಿತು? ವಿಮಾನದ ಎಂಜಿನ್ ಭಾಗಗಳ ಕಾರ್ಖಾನೆ ಉಳಿಯಿತು. 2012ರಲ್ಲಿ ಅದನ್ನು ಜಿಕೆಎನ್ ಕೊಂಡಿತು. ನೋಹಾಬ್‌ನ ಹಳೆಯ ಶೆಡ್ಡುಗಳ ಆವರಣದಲ್ಲಿ ಈಗ ವಿಜ್ಞಾನ ಕೇಂದ್ರವಿದೆ, ಸಿನಿಮಾ ಸ್ಟುಡಿಯೋ ಇದೆ. ಲಾರ್ಸ್ ವಾನ್ ಟ್ರಿಯರ್ 'ಡಾಗ್‌ವಿಲ್' ಚಿತ್ರೀಕರಿಸಿದ್ದು ಈ ಊರಿನಲ್ಲೇ. ಸಾಬ್ ಮ್ಯೂಸಿಯಮ್ಮಿನ ಕಾರುಗಳು ಸಾಲಗಾರರ ಪಟ್ಟಿಗೆ ಸೇರಿ ಮಾರಾಟಕ್ಕೆ ಬಂದಾಗ ನಗರಸಭೆ, ಸಾಬ್ ವಿಮಾನ ಕಂಪನಿ ಮತ್ತು ವಾಲೆನ್‌ಬರಿ ಕುಟುಂಬದ ಪ್ರತಿಷ್ಠಾನ ಸೇರಿ 2.8 ಕೋಟಿ ಕ್ರೋನರ್‌ಗೆ ಬಿಡಿಸಿಕೊಂಡವು. ಮ್ಯೂಸಿಯಮ್ ಇಲ್ಲೇ ಇದೆ.

ನೀರೂ ಇದೆ. 1916ರ ಲಾಕ್‌ಗಳ ಬಾಳಿಕೆ 2030ರ ಸುಮಾರಿಗೆ ಮುಗಿಯುತ್ತದೆಂದು ಲೆಕ್ಕಹಾಕಿ, ನಾಲ್ಕನೆಯ ಬಾರಿ ಹೊಸವನ್ನು ಕಟ್ಟುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಿದೆ.