ಬೀದರ್ ವಿಮಾನದ ಎರಡು ದನಿಗಳು

ಬೆಂಗಳೂರಿನಿಂದ ಬೀದರಿಗೆ ವಿಮಾನದಲ್ಲಿ ಹೋಗುವವರ ಗಮನಕ್ಕೆ ಬಾರದ ಸಂಗತಿ ಒಂದಿದೆ. ಕೆಂಪೇಗೌಡ ನಿಲ್ದಾಣದಲ್ಲಿ ಪೈಲಟ್‌ಗೆ ‘ಹೊರಡಬಹುದು’ ಎಂದು ಹೇಳುವವರು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ, ಅಂದರೆ ಎಎಐನ ಅಧಿಕಾರಿ. ಬಿಎಸ್ಸಿಯನ್ನೋ ಬಿಇಯನ್ನೋ ಮುಗಿಸಿ, ಪರೀಕ್ಷೆ ಬರೆದು ಆ ಕುರ್ಚಿಗೆ ಬಂದವರು. ಬೀದರಿನಲ್ಲಿ ‘ಇಳಿಯಬಹುದು’ ಎನ್ನುವ ದನಿ ವಾಯುಪಡೆಯ ಸಮವಸ್ತ್ರ ತೊಟ್ಟವರದು. ಏಕೆಂದರೆ ಬೀದರಿನ ರನ್‌ವೇ ವಾಯುಪಡೆಯದು. ಯುದ್ಧವಿಮಾನ ಹಾರಿಸಲಿರುವ ಎಳೆಯ ಪೈಲಟ್‌ಗಳು 2008ರಿಂದ ಅಲ್ಲಿ ಹಾಕ್ ಜೆಟ್‌ಗಳಲ್ಲಿ ಪಳಗುತ್ತಿದ್ದಾರೆ. 2020ರ ಫೆಬ್ರವರಿಯಲ್ಲಿ ಅದೇ ರನ್‌ವೇಯಲ್ಲಿ ಪ್ರಯಾಣಿಕರ ವಿಮಾನಕ್ಕೂ ಜಾಗ ಸಿಕ್ಕಿತು. ಕೂತವರಿಗೆ ಅದು ಒಂದೇ ಪ್ರಯಾಣ. ಅದನ್ನು ನಡೆಸಿದವರದು ಬೇರೆ ಬೇರೆ ಬದುಕು.

ದಾವಣಗೆರೆಯಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿರುವ ನನ್ನ ಅಕ್ಕನ ಮಗಳು ಹಬ್ಬಕ್ಕೆ ಬಂದವಳು, ಊಟ ಮುಗಿಯುತ್ತಲೇ ಕೇಳಿದಳು. “ಮಾಮ, ಮೊದಲು ಏರ್‌ಫೋರ್ಸ್ ಸೇರಿ ಎಟಿಸಿ ಕಲಿತು ಆಮೇಲೆ ಏರ್‌ಪೋರ್ಟಿಗೆ ಬರೋದು ಒಳ್ಳೇದಾ, ಡಿಗ್ರಿ ಮುಗಿಸಿ ಸೀದಾ ಪರೀಕ್ಷೆ ಬರೆಯೋದಾ?” ಎಟಿಸಿ ಎಂದರೆ ಏರ್ ಟ್ರಾಫಿಕ್ ಕಂಟ್ರೋಲ್, ವಿಮಾನ ಸಂಚಾರದ ನಿಯಂತ್ರಣ. ಅವಳ ಹಾಸ್ಟೆಲಿನಲ್ಲಿ ಈ ಪ್ರಶ್ನೆಯದೇ ಚರ್ಚೆಯಂತೆ. ಎಲ್ಲರೂ ನೋಡಿದ್ದು ಅಮೆರಿಕದವರ ವಿಡಿಯೊಗಳು.

ಅಮೆರಿಕದ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ. ಅಲ್ಲಿ ಸೈನ್ಯದ ಟವರುಗಳಲ್ಲಿ ಕೆಲಸ ಕಲಿತವರನ್ನು ನಾಗರಿಕ ವಿಮಾನಯಾನ ಇಲಾಖೆ ಕರೆದು ಸೇರಿಸಿಕೊಳ್ಳುತ್ತದೆ. ಉಳಿದವರು 31 ತುಂಬುವ ಮೊದಲೇ ಸೇರಬೇಕು. ಅನುಭವ ಇರುವವರಿಗೆ ಆ ಮಿತಿ 35ರವರೆಗೆ ಸಡಿಲ. ಇನ್ನೊಂದು ಕಡೆ ಇದೇ ವಿದ್ಯೆ ಕಲಿಸುವ ಕಾಲೇಜುಗಳಿವೆ. 2024ರಿಂದ ಅವುಗಳಲ್ಲಿ ಆಯ್ದ ಕೆಲವು ಕಡೆ ಓದಿದವರು ಒಕ್ಲಹೋಮ ಸಿಟಿಯ ಸರ್ಕಾರಿ ಅಕಾಡೆಮಿಗೆ ಹೋಗದೆ ನೇರವಾಗಿ ಕೆಲಸದ ಜಾಗಕ್ಕೇ ಹೋಗಬಹುದು. ದಾರಿ ಎರಡಾದರೂ ತಲುಪುವ ಊರು ಒಂದೇ. ನಮ್ಮ ದೇಶದಲ್ಲಿ ಹಾಗಿಲ್ಲ. ಇಲ್ಲಿ ಎರಡು ದಾರಿಗಳು ಎರಡು ಬೇರೆ ಊರುಗಳಿಗೆ ಹೋಗುತ್ತವೆ. ಇದು ಗೊತ್ತಿಲ್ಲದೆ ಹೊರಟ ಮಕ್ಕಳು ಹತ್ತು ವರ್ಷ ಕಳೆದ ಮೇಲೆ ತಪ್ಪು ನಿಲ್ದಾಣದಲ್ಲಿ ಇಳಿದಂತೆ ನಿಲ್ಲಬಾರದು ಎಂಬುದೇ ನನ್ನ ಕಾಳಜಿ.

ಮೊದಲು ಕೆಲಸ ಏನೆಂದು ನೋಡೋಣ. ಕೆಲವು ವರ್ಷಗಳ ಹಿಂದೆ ಅನುಮತಿ ಪಡೆದು ಒಂದು ಸಣ್ಣ ನಿಲ್ದಾಣದ ಟವರ್ ಹತ್ತಿದ್ದೆ. ಸುತ್ತಲೂ ಓರೆಯಾಗಿ ನಿಲ್ಲಿಸಿದ ಗಾಜು. ಮೇಜಿನ ಮೇಲೆ ಇಳಿಜಾರಾಗಿ ಇಟ್ಟ ಹಲಗೆ, ಅದರಲ್ಲಿ ಪ್ಲಾಸ್ಟಿಕ್ ಪಟ್ಟಿಗೆ ಸಿಕ್ಕಿಸಿದ ಉದ್ದನೆಯ ಕಾಗದದ ಚೂರುಗಳು. ಅವುಗಳಿಗೆ ಸ್ಟ್ರಿಪ್ ಎನ್ನುತ್ತಾರೆ. ಒಂದು ವಿಮಾನಕ್ಕೆ ಒಂದು ಸ್ಟ್ರಿಪ್: ಹೆಸರು, ಮಾದರಿ, ಹೋಗುವ ಊರು, ಹಾರಬೇಕಾದ ಎತ್ತರ. ಕುರ್ಚಿಯಲ್ಲಿದ್ದ ಹೆಣ್ಣುಮಗಳು ಒಂದೊಂದು ಆದೇಶ ಕೊಟ್ಟಾಗಲೂ ಸ್ಟ್ರಿಪ್ ಮೇಲೆ ಗುರುತು ಹಾಕಿ ಬೆರಳಿನಿಂದ ಒಂದಿಷ್ಟು ಮೇಲಕ್ಕೆ ಸರಿಸುತ್ತಿದ್ದರು. ಪೈಲಟ್ ಅದೇ ಆದೇಶವನ್ನು ತಿರುಗಿ ಒಪ್ಪಿಸುತ್ತಿದ್ದರು. ಅದು ಮುಗಿಯುವ ತನಕ ಆ ಹೆಣ್ಣುಮಗಳ ಕೈಯಲ್ಲಿದ್ದ ಪೆನ್ನು ಸ್ಟ್ರಿಪ್‌ನಿಂದ ಏಳಲಿಲ್ಲ. ಪೈಲಟ್ ಒಂದು ಅಂಕಿ ತಪ್ಪಿ ಹೇಳಿದಾಗ ದನಿ ಏರಿಸದೆ ಸರಿಯಾದ ಅಂಕಿಯನ್ನು ಮತ್ತೆ ಹೇಳಿದರು, ಮತ್ತೆ ಒಪ್ಪಿಸಿಕೊಂಡರು. ಮಾತಾಡುವ ಕೆಲಸ ಎಂದುಕೊಂಡು ಹೋಗಿದ್ದೆ. ಕೇಳಿಸಿಕೊಳ್ಳುವ ಕೆಲಸ ಎಂದು ತಿಳಿದು ಬಂದೆ. ಚಾವಣಿಯಿಂದ ಒಂದು ದೊಡ್ಡ ಟಾರ್ಚಿನಂಥ ದೀಪ ತೂಗುತ್ತಿತ್ತು. ರೇಡಿಯೊ ಕೆಟ್ಟರೆ ಅದೇ ಬಾಯಿ: ವಿಮಾನದತ್ತ ಹಸಿರು ಬೆಳಕು ಹಿಡಿದರೆ ಇಳಿಯಬಹುದು, ಕೆಂಪು ಹಿಡಿದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕು.

ಟವರ್ ಕಣ್ಣಿಗೆ ಕಾಣುವ ಭಾಗ ಮಾತ್ರ. ಇನ್ನು ಹಲವು ನಿಯಂತ್ರಕರು ಕೂರುವುದು ಕಿಟಕಿಯಿಲ್ಲದ ಕೋಣೆಗಳಲ್ಲಿ, ರೇಡಾರ್ ಪರದೆಯ ಮುಂದೆ. ಅಲ್ಲಿ ಎರಡು ವಿಮಾನಗಳ ನಡುವೆ ಎತ್ತರದಲ್ಲಿ 1,000 ಅಡಿ, ಇಲ್ಲವೇ ಅಕ್ಕಪಕ್ಕ ಐದು ನಾಟಿಕಲ್ ಮೈಲಿ ಅಂತರ ಉಳಿಸುವುದೇ ಕಾಯಕ. ನಿಲ್ದಾಣದ ಹತ್ತಿರ ಐದು ಮೂರಾಗಬಹುದು.

ಈ ಅಂತರ ಎಷ್ಟು ಸಣ್ಣ ಎಡವಟ್ಟಿನಿಂದ ಕರಗುತ್ತದೆ ಎಂಬುದನ್ನು ಬೆಂಗಳೂರೇ ನೋಡಿದೆ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ವಿಮಾನಗಳು ಹೆಚ್ಚುಕಡಿಮೆ ಒಟ್ಟಿಗೇ ಏರಿ ಒಂದರತ್ತ ಒಂದು ವಾಲಿದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನ. ಒಂದು ರನ್‌ವೇಯನ್ನು ನಿಲ್ಲಿಸುವ ತೀರ್ಮಾನವಾಗಿತ್ತು, ಆ ಮಾತು ಅದರ ಟವರಿನಲ್ಲಿದ್ದವರಿಗೆ ಮುಟ್ಟಿರಲಿಲ್ಲ ಎಂದು ಪ್ರಾಥಮಿಕ ತನಿಖೆಯ ವರದಿಗಳು ಹೇಳಿದವು. ರೇಡಾರ್ ಮುಂದೆ ಕೂತಿದ್ದ ನಿಯಂತ್ರಕರು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ತಪ್ಪು ಆದದ್ದೂ ತಪ್ಪು ತಿದ್ದಿದ್ದೂ ಇದೇ ವೃತ್ತಿಯ ಕೈಯಲ್ಲಿ. ಈ ಕೆಲಸಕ್ಕೆ ಮಗಳನ್ನು ಕಳಿಸುವ ಮನೆಯವರಿಗೆ ಸಂಬಳಕ್ಕಿಂತ ಮೊದಲು ಇದು ತಿಳಿದಿರಲಿ.

ಈಗ ಕಾಲೇಜಿನ ದಾರಿ. ನಾಗರಿಕ ಎಟಿಸಿಗೆ ಬೇಕಾದದ್ದು ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಓದಿದ ಮೂರು ವರ್ಷದ ಬಿಎಸ್ಸಿ, ಅಥವಾ ಯಾವುದಾದರೂ ಸೆಮಿಸ್ಟರಿನಲ್ಲಿ ಆ ಎರಡು ವಿಷಯ ಇದ್ದ ಬಿಇ. ಆ ಎರಡೂ ಇರುವ ಪಿಸಿಎಂ, ಪಿಎಂಸಿಎಸ್ ಓದಿದವರು ಸೈ, ಅವಿಲ್ಲದ ಸಿಬಿಜೆಡ್‌ನವರಿಗೆ ಬಾಗಿಲಿಲ್ಲ. ಸಾಮಾನ್ಯ ವರ್ಗಕ್ಕೆ ವಯೋಮಿತಿ 27. ‘ಏವಿಯೇಷನ್’ ಎಂಬ ಹೆಸರಿಟ್ಟುಕೊಂಡು ಲಕ್ಷಗಟ್ಟಲೆ ಶುಲ್ಕ ಕೇಳುವ ಡಿಪ್ಲೊಮಾಗಳು ಯಾರನ್ನೂ ಟವರಿಗೆ ಹತ್ತಿಸುವುದಿಲ್ಲ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ಹುದ್ದೆಯ ಹೆಸರು ಜೂನಿಯರ್ ಎಕ್ಸಿಕ್ಯೂಟಿವ್. ಕಂಪ್ಯೂಟರ್ ಮೂಲಕ ಪರೀಕ್ಷೆ, 120 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆಮೇಲೆ ದನಿಯ ಪರೀಕ್ಷೆ, ಮಾದಕವಸ್ತು ಪರೀಕ್ಷೆ, ಮನೋಪರೀಕ್ಷೆ, ವೈದ್ಯಕೀಯ ತಪಾಸಣೆ. ಮೂಲವೇತನ 40,000 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ.

ಆಯ್ಕೆಯಾದವರಿಗೆ ಪಾಠ ಹೇಳುವುದು ಎಎಐಯೇ. ಪ್ರಯಾಗರಾಜದ ಬಮ್ರೌಲಿಯಲ್ಲಿರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜು 1948ರಷ್ಟು ಹಳೆಯದು. ಹೈದರಾಬಾದಿನಲ್ಲೂ ಮಹಾರಾಷ್ಟ್ರದ ಗೊಂದಿಯಾದಲ್ಲೂ ಕೇಂದ್ರಗಳಿವೆ. ಅಲ್ಲಿ ಪಾಸಾದರೂ ಮೈಕ್ ಕೈಗೆ ಬರುವುದಿಲ್ಲ. ನಿಯುಕ್ತಿಯಾದ ಊರಿನಲ್ಲಿ ಹಿರಿಯರೊಬ್ಬರು ಪಕ್ಕದಲ್ಲಿ ಕೂತು, ಗಂಟೆಗಳ ಲೆಕ್ಕ ಇಟ್ಟು ಕಲಿಸಬೇಕು, ಪರೀಕ್ಷೆ ಆಗಬೇಕು. ಆ ಅರ್ಹತೆಯೂ ಆ ಊರಿಗೆ ಮಾತ್ರ. ಮಂಗಳೂರಿನಲ್ಲಿ ಪಳಗಿದವರು ಬೆಂಗಳೂರಿಗೆ ವರ್ಗವಾಗಿ ಬಂದರೆ ಮತ್ತೆ ಕಲಿಯುವವರ ಕುರ್ಚಿ. ವರ್ಷಗಟ್ಟಲೆ ದುಡಿದವರೂ ಹೀಗೆ ಮತ್ತೆ ವಿದ್ಯಾರ್ಥಿಯಾಗುವ ವೃತ್ತಿಗಳು ಬಹಳ ಇಲ್ಲ.

ಕನ್ನಡ ಮಾಧ್ಯಮದ ಮಕ್ಕಳು ಹೆದರುವುದು ಇಂಗ್ಲಿಷಿಗೆ. ಅಂತರರಾಷ್ಟ್ರೀಯ ನಿಯಮದಂತೆ ಆರು ಹಂತಗಳಲ್ಲಿ ಕನಿಷ್ಠ ನಾಲ್ಕನೇ ಹಂತದ ಇಂಗ್ಲಿಷ್ ಬೇಕು. ನಾಲ್ಕರಲ್ಲೇ ಇದ್ದರೆ ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಆದರೆ ಅಲ್ಲಿ ಕಾನ್ವೆಂಟಿನ ಠೀವಿಗೆ ಬೆಲೆಯಿಲ್ಲ. ದಿನದ ವ್ಯವಹಾರ ನಡೆಯುವುದು ಮೊದಲೇ ಗೊತ್ತುಮಾಡಿದ ಪದಗುಚ್ಛಗಳಲ್ಲಿ. ಅಂಕಿಗಳನ್ನೂ ಬೇಕೆಂದೇ ತಿರುಚಿ ಉಚ್ಚರಿಸುತ್ತಾರೆ: ತ್ರೀ ಅಲ್ಲ ‘ಟ್ರೀ’, ಫೈವ್ ಅಲ್ಲ ‘ಫೈಫ್’, ನೈನ್ ಅಲ್ಲ ‘ನೈನರ್’. ಕರಕರ ಸದ್ದಿನ ರೇಡಿಯೊದಲ್ಲಿ ಯಾವ ದೇಶದವರಿಗೂ ಗೊಂದಲವಾಗಬಾರದಲ್ಲ. ಹಳ್ಳಿಯ ಮಕ್ಕಳು ಅಭ್ಯಾಸದಿಂದ ದಾಟಬಹುದಾದ ಹೊಳೆ ಇದು.

ವಾಯುಪಡೆಯ ದಾರಿ ಬೇರೆಯದೇ ಸ್ವಭಾವದ್ದು. ಪದವಿ ಮುಗಿಸಿದವರು ಎಎಫ್‌ಕ್ಯಾಟ್ ಎಂಬ ಪರೀಕ್ಷೆ ಬರೆಯುತ್ತಾರೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ನೆಲದ ಕೆಲಸಗಳಿಗೆ 20ರಿಂದ 26 ವಯಸ್ಸು. ಪಾಸಾದವರಿಗೆ ಆಯ್ಕೆ ಮಂಡಳಿಯ ಮುಂದೆ ಹಲವು ದಿನಗಳ ಸಂದರ್ಶನ. ಆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಗೆದ್ದರೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ಅಕಾಡೆಮಿ. ಇಲ್ಲಿ ಗಮನಿಸಬೇಕಾದ ಮಾತು: ಅರ್ಜಿ ಹಾಕುವುದು ಎಟಿಸಿಗೆ ಅಲ್ಲ, ಆಡಳಿತ ಶಾಖೆಗೆ. ಆ ಶಾಖೆಯ ಅಧಿಕಾರಿಗಳಲ್ಲಿ ಅರ್ಹರಾದ ಕೆಲವರು ಎಟಿಸಿಗೆ ಹೋಗುತ್ತಾರೆ, ಕೆಲವರು ಫೈಟರ್ ಕಂಟ್ರೋಲರ್ ಆಗುತ್ತಾರೆ. ಈ ಎರಡನೆಯ ಕೆಲಸ ಮೊದಲನೆಯದಕ್ಕೆ ತದ್ವಿರುದ್ಧ. ಎಟಿಸಿ ವಿಮಾನಗಳನ್ನು ದೂರ ಇಡುತ್ತದೆ. ಫೈಟರ್ ಕಂಟ್ರೋಲರ್ ನಮ್ಮ ಯುದ್ಧವಿಮಾನವನ್ನು ಶತ್ರುವಿಮಾನದ ಸಮೀಪಕ್ಕೆ ಒಯ್ಯುತ್ತಾರೆ. ಪಾಕಿಸ್ತಾನದೊಂದಿಗಿನ 2019ರ ಫೆಬ್ರವರಿ 27ರ ವಾಯುಸಂಘರ್ಷದಲ್ಲಿ ಆ ಕೆಲಸ ನಿಭಾಯಿಸಿದ ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರವಾಲ್ ಯುದ್ಧ ಸೇವಾ ಪದಕ ಪಡೆದ ಮೊದಲ ಮಹಿಳೆಯಾದರು.

ವಾಯುನೆಲೆಯ ಟವರಿನಲ್ಲಿ ಕಾಲದ ಅಳತೆಯೇ ಬೇರೆ. ಜೆಟ್‌ಗಳು ಜೋಡಿಯಾಗಿ ಬರುತ್ತವೆ, ಟ್ಯಾಂಕಿನಲ್ಲಿ ನಿಮಿಷಗಳಿಗಾಗುವಷ್ಟೇ ಇಂಧನ ಇರುತ್ತದೆ. ರನ್‌ವೇ ತುದಿಯ ಸಣ್ಣ ಗೂಡಿನಲ್ಲಿ ಒಬ್ಬರು ಕೂತು, ಇಳಿಯಲು ಬರುವ ಪ್ರತಿ ವಿಮಾನದ ಚಕ್ರ ಹೊರಬಂದಿದೆಯೇ ಎಂದು ಬರಿಗಣ್ಣಿನಿಂದ ನೋಡುತ್ತಾರೆ. ಬಾರದಿದ್ದರೆ ಬೆಳಕಿನ ಪಿಸ್ತೂಲಿನಿಂದ ಕೆಂಪು ಬಾಣ ಹಾರಿಸಿ ಮೇಲಕ್ಕೆ ಕಳಿಸುತ್ತಾರೆ. ಮೊದಲ ಬಾರಿ ಒಬ್ಬಂಟಿಯಾಗಿ ಹಾರಿದ ಹುಡುಗನೊಬ್ಬ ಚಕ್ರ ಮರೆತಾಗ ಅವನ ಪ್ರಾಣ ಆ ಗೂಡಿನವರ ಕಣ್ಣಿನಲ್ಲಿರುತ್ತದೆ. ಹಕ್ಕಿ ಓಡಿಸುವುದು, ರನ್‌ವೇ ಮೇಲೆ ಬಿದ್ದ ಕಲ್ಲು, ತಿರುಪು ಹೆಕ್ಕಿಸುವುದು, ಬ್ರೇಕ್ ಹಿಡಿಯದ ಜೆಟ್‌ಗೆ ಬಲೆ ಏರಿಸುವುದು ಎಲ್ಲವೂ ಕರ್ತವ್ಯದಲ್ಲಿ ಸೇರಿದೆ.

ಮೂಲವೇತನ 56,100 ರೂಪಾಯಿ, ಅದರ ಮೇಲೆ ಸೈನಿಕ ಸೇವಾ ವೇತನ. ಶಾರ್ಟ್ ಸರ್ವಿಸ್ ಆದರೆ ಹತ್ತು ವರ್ಷ, ಬೇಕಾದರೆ ಇನ್ನು ನಾಲ್ಕು. ಕೊನೆಗೆ ಪಿಂಚಣಿ ಇಲ್ಲ. ನನ್ನ ಸೋದರ ಸೊಸೆಯ ಲೆಕ್ಕ ತಪ್ಪುವುದು ಇಲ್ಲೇ. 22ಕ್ಕೆ ಸೇರಿ ಹೊರಬರುವಾಗ 32 ದಾಟಿರುತ್ತದೆ. ಎಎಐನ ಕಾಯಂ ಹುದ್ದೆಗೆ ಹೆದ್ದಾರಿ ಎಂದರೆ ಅದೇ ಪರೀಕ್ಷೆ, ಅದೇ ವಯೋಮಿತಿ. ಸರ್ಕಾರಿ ಸಡಿಲಿಕೆಗಳು ಎಷ್ಟೇ ಇರಲಿ, ಹತ್ತು ವರ್ಷ ಜೆಟ್ ಇಳಿಸಿದವರು ಹೊಸಬರ ಸಾಲಿನಲ್ಲೇ ನಿಲ್ಲಬೇಕು. ಹಾಗಾಗಿ ವಾಯುಪಡೆಯನ್ನು ಏಣಿ ಎಂದು ಬಗೆದು ಹೋಗಬೇಡಿ ಎನ್ನುತ್ತೇನೆ. ಸಮವಸ್ತ್ರವೇ ಬೇಕು ಎನ್ನುವವರು ಹೋಗಲಿ, ತಲೆಯೆತ್ತಿ ಹೋಗಲಿ.

ಎರಡು ಊರಾದರೂ ಆಕಾಶ ಒಂದೇ ಎನ್ನುವುದನ್ನು ಮಾತ್ರ ಮರೆಯುವಂತಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಕಜಕ್ ವಿಮಾನ ತನಗೆ ಕೊಟ್ಟ 15,000 ಅಡಿಯಿಂದ ಕೆಳಗಿಳಿದದ್ದು ಕಾರಣ. ಆಗ ದೆಹಲಿಯ ಸುತ್ತಲಿನ ಆಕಾಶದ ಬಹುಪಾಲು ವಾಯುಪಡೆಗೆ ಮೀಸಲಾಗಿ, ನಾಗರಿಕ ವಿಮಾನಗಳು ಹೋಗಲೂ ಬರಲೂ ಒಂದೇ ಓಣಿ ಇತ್ತು. ದುರಂತದ ನಂತರ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಬೇರ್ಪಡಿಸಿದರು. ನಮ್ಮ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಕೆಂಪೇಗೌಡ ನಿಲ್ದಾಣದ ವಿಮಾನಗಳು ಕೆಲವು ಗಂಟೆ ಕಾಯುತ್ತವೆ. ಆ ಹೊತ್ತಿನಲ್ಲಿ ಎರಡೂ ಕಡೆಯ ಎಟಿಸಿಯವರು ಒಬ್ಬರಿಗೊಬ್ಬರು ಎಷ್ಟು ಸಲ ಫೋನ್ ಮಾಡುತ್ತಾರೋ.

“ಹಾಗಾದ್ರೆ ಎರಡಕ್ಕೂ ಅರ್ಜಿ ಹಾಕಲಾ ಮಾಮ?” ಅಂದಳು. ಹಾಕಬಹುದು, ವಯಸ್ಸಿದೆ. “ಆದ್ರೆ ಏರ್‌ಫೋರ್ಸಿನಲ್ಲಿ ನಿನಗೆ ಎಟಿಸಿ ಸಿಗದೇ ಹೋದ್ರೆ, ಆಗ್ಲೂ ಆ ಡ್ರೆಸ್ ಬೇಕಾ? ಮೈಸೂರಿಗೆ ಹೋಗೋಕೆ ಮುಂಚೆ ಇದನ್ನ ಯೋಚನೆ ಮಾಡಮ್ಮ” ಅಂದೆ. ಉತ್ತರ ಹೇಳಲಿಲ್ಲ.

ಮಾರನೇ ದಿನ ಬಸ್ ಹತ್ತಿಸಲು ಹೋಗಿದ್ದೆ. ದಾವಣಗೆರೆ ಬಸ್ಸು ಒಳಗೆ ಬರುತ್ತಿದ್ದಂತೆ ಅದರ ನಂಬರ್ ನೋಡಿ, ವಿಮಾನದ ರೇಡಿಯೊದಲ್ಲಿ ಹೇಳುವ ಹಾಗೆ ಮೆಲ್ಲಗೆ ಓದತೊಡಗಿದಳು: ಕಿಲೋ, ಆಲ್ಫಾ, ವನ್, ಸೆವೆನ್, ಫಾಕ್ಸ್‌ಟ್ರಾಟ್, ವನ್, ಟ್ರೀ... ಕಂಡಕ್ಟರ್ ಕೂಗಿನಲ್ಲಿ ಕೊನೆಯ ಎರಡು ಅಂಕಿ ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎಂದೆ. ದನಿ ಏರಿಸದೆ, ಮೊದಲಿಗಿಂತ ನಿಧಾನವಾಗಿ, ಮತ್ತೆ ಹೇಳಿದಳು.