ಭರಣಿಯ ಪೂರ್ವೋತ್ತರ

ಕಾಲ ಸೋಕಿದರೆ ಕೆಡುವ ಪದಾರ್ಥಗಳು, ಕಾಲ ಸೋಕಿದ ಮೇಲೆಯೇ ಪಕ್ವವಾಗುವ ಪದಾರ್ಥಗಳು ಎಂದು ನಮ್ಮ ಅಡಿಗೆಮನೆಯ ಸಾಮಗ್ರಿಯನ್ನು ಎರಡಾಗಿ ವಿಭಾಗಿಸುವುದಾದರೆ, ಗಾಂಧಿ ಬಜಾರಿನಲ್ಲಿಯೋ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿಯೋ ಕಣ್ಣೆದುರಿಗೇ ಪುಡಿಮಾಡಿಸಿ ತರುವ ಕಾಫಿಪುಡಿ ಮೊದಲನೆಯ ವರ್ಗಕ್ಕೆ ಸೇರತಕ್ಕದ್ದು. ಹಳೆಯ ಅಕ್ಕಿ, ಹಳೆಯ ಹುಣಿಸೆಹಣ್ಣು, ವರ್ಷ ತುಂಬಿದ ನಿಂಬೆಕಾಯಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಮುಳುಗಿ ಮಳೆಗಾಲ ಕಳೆದ ಅಪ್ಪೆಮಿಡಿ, ಇವು ಎರಡನೆಯದಕ್ಕೆ ಸೇರತಕ್ಕವು. ಮೊದಲನೆಯದಕ್ಕೆ ಬಿಗಿಯಾದ ಮುಚ್ಚಳದ ಸ್ಟೀಲಿನ ಡಬ್ಬವೊಂದಿದ್ದರೆ ಸಾಕು. ಕೆಲವು ದಿನಗಳಲ್ಲಿ ಅದು ಬರಿದಾಗಿಯೇ ಬಿಡುತ್ತದೆ. ಎರಡನೆಯದಕ್ಕಾದರೋ ಪಾತ್ರೆಯೇ ಅರ್ಧ ಪಾಕ. ಗಾಳಿ, ಬೆಳಕು, ತೇವಗಳಿಂದ ತಿಂಗಳುಗಟ್ಟಲೆ ಅದನ್ನು ಕಾಪಾಡಬೇಕು. ಮಧ್ಯಾಹ್ನದ ಮೊಸರನ್ನಕ್ಕೆ ಒಂದು ಮಿಡಿ ಬೇಕೆಂದಾಗ ಅದು ಕೈಗೆ ನಿಲುಕುವಂತೆಯೂ ಇರಬೇಕು. ನಾಲ್ಕು ಜನ ನೆಂಟರು ಕುಳಿತ ಊಟದ ಮೇಜಿನ ನಡುವೆ ಇಟ್ಟರೆ ನೋಟಕ್ಕೆ ಒಪ್ಪುವಂತೆಯೂ ಇರಬೇಕು. ಮುಚ್ಚಿಡಬೇಕೆಂಬುದೂ ತೆರೆಯಬೇಕೆಂಬುದೂ ಪರಸ್ಪರ ವಿರುದ್ಧವಾದ ಅಪೇಕ್ಷೆಗಳು. ಈ ವಿರೋಧಕ್ಕೆ ದಕ್ಷಿಣ ಬೆಂಗಳೂರಿನ ಹಳೆಯ ಮನೆಗಳು ಕಂಡುಕೊಂಡಿದ್ದ ಪರಿಹಾರವೆಂದರೆ ಒಂದರ ಬದಲು ಎರಡು ಭರಣಿಗಳು: ಉಗ್ರಾಣದ ಕತ್ತಲೆಯಲ್ಲಿ ಕುಳಿತಿರುವ ದೊಡ್ಡದೊಂದು, ಅದರಿಂದ ವಾರಕ್ಕೋ ಪಕ್ಷಕ್ಕೋ ಒಮ್ಮೆ ತುಂಬಿಸಿಕೊಂಡು ಅಡಿಗೆಮನೆಯ ಗೂಡಿನಲ್ಲಿ ನಿಲ್ಲುವ ಚಿಕ್ಕದೊಂದು.

ಈ ಪಾತ್ರೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹೆಗಲಿನವರೆಗೆ ಕೆನೆಯಂಥ ಬಿಳುಪು, ಅದರ ಮೇಲೆ ಕತ್ತಿನ ಸುತ್ತ ಕಾಕಂಬಿಯ ಬಣ್ಣದ ಕಂದು ಮೆರುಗು. ಎರಡು ಬಣ್ಣಗಳೂ ಕೂಡುವೆಡೆಯಲ್ಲಿ ಮೆರುಗು ಒಲೆಯ ಕಾವಿಗೆ ಸ್ವಲ್ಪ ಇಳಿದು ಅಲೆಯಾಗಿ ನಿಂತ ಗೆರೆ. ಒಳಗೆ ಬೆರಳಾಡಿಸಿದರೆ ಎಲ್ಲಿಯೂ ತಡೆಯದ ನುಣುಪು. ಬುಡದಲ್ಲಿ ಮಾತ್ರ ಮೆರುಗು ಕಾಣದ ಒರಟಾದ ಬಳೆ. ಬಾಯಿಯ ಕೆಳಗೆ ಬಟ್ಟೆ ಕಟ್ಟಿದ ದಾರ ಜಾರದಂತೆ ಹೊರಕ್ಕೆ ಮಡಿಸಿದ ಅಂಚು. ಇದರಲ್ಲಿ ಒಂದಾದರೂ ಅಲಂಕಾರಕ್ಕೆಂದೇ ಮಾಡಿದ್ದಲ್ಲ. ಆದರೂ ಒಟ್ಟಿನಲ್ಲಿ ಅದು ಸುಂದರವಾದ ವಸ್ತು. ಉಪಯೋಗವೇ ರೂಪವನ್ನು ತಿದ್ದಿದ ಪಾತ್ರೆಗಳಲ್ಲಿ ಇದಕ್ಕಿಂತ ಮೇಲಾದುದು ನಮ್ಮ ಮನೆಗಳಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಇದು ಎಲ್ಲಿಂದ ಬಂತು? ಊಟದ ಕಡೆಯಿಂದ ಹುಡುಕಿಕೊಂಡು ಹೋದರೆ ಕನ್ನಡ ಕರಾವಳಿಯ ಹೊನ್ನಾವರಕ್ಕೆ ಬಂದು ನಿಲ್ಲುತ್ತೇವೆ. 14ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿಗೆ ಬಂದಿದ್ದ ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ, ಅಲ್ಲಿನ ಸುಲ್ತಾನನ ಮನೆಯ ಊಟವನ್ನು ವಿವರವಾಗಿ ಬರೆದಿಟ್ಟಿದ್ದಾನೆ: ಅನ್ನ ಬಡಿಸಿ, ಮೇಲೆ ತುಪ್ಪ ಹಾಕಿ, ಪಕ್ಕದಲ್ಲಿ ಉಪ್ಪಿನಲ್ಲಿ ನೆನೆದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳನ್ನು ಇಡುತ್ತಿದ್ದರಂತೆ. ಆರುನೂರಕ್ಕೂ ಮಿಕ್ಕ ವರ್ಷಗಳಾದರೂ ಅದೇ ಪಂಕ್ತಿ ಇಂದಿಗೂ ಉತ್ತರ ಕನ್ನಡದ ಬಾಳೆಲೆಯ ಮೇಲಿದೆ. ಅದೇ ಯಾತ್ರಿಕ ಮುಂದೆ ಪೂರ್ವಸಮುದ್ರದಲ್ಲಿ ಪಯಣಿಸುವಾಗ, ರಾಜಕುವರಿಯೊಬ್ಬಳು ತನಗೆ ಕಳುಹಿಸಿದ ಉಡುಗೊರೆಗಳ ನಡುವೆ, ಬರ್ಮಾದ ಮರ್ತಬಾನ್ ಬಂದರಿನ ಹೆಸರನ್ನೇ ಹೊತ್ತ ನಾಲ್ಕು ದೊಡ್ಡ ಭರಣಿಗಳನ್ನು ಎಣಿಸುತ್ತಾನೆ. ಅವುಗಳ ತುಂಬ ಸಮುದ್ರಯಾನಕ್ಕೆಂದು ಉಪ್ಪುಹಾಕಿದ ಶುಂಠಿ, ಮೆಣಸು, ನಿಂಬೆ, ಮಾವು ಇದ್ದುವು. ಉಪ್ಪಿನಕಾಯಿಯೂ ಮೆರುಗಿನ ಭರಣಿಯೂ ಹೀಗೆ ಒಟ್ಟಿಗೇ ಕಾಣಿಸಿಕೊಳ್ಳುವುದು ಆಕಸ್ಮಿಕವೆಂದು ತೋರದು. ತಿಂಗಳುಗಟ್ಟಲೆ ನೆಲ ಕಾಣದ ಹಡಗಿಗೆ ಕೆಡದ ಆಹಾರ ಬೇಕಾಗಿತ್ತು. ಉಪ್ಪಿಗೂ ಹುಳಿಗೂ ಜಗ್ಗದ ಪಾತ್ರೆ ಬೇಕಾಗಿತ್ತು. ಅಂಥ ಪಾತ್ರೆಯನ್ನು ದಕ್ಷಿಣ ಚೀನದ ಕುಂಬಾರರು ಬಹುಕಾಲದಿಂದ ಮಾಡುತ್ತಿದ್ದರು. ಅವು ಸರಕು ತುಂಬಿಕೊಂಡು ಹಡಗೇರಿ ಬಂದರು ಬಂದರುಗಳಿಗೂ ಹೋಗುತ್ತಿದ್ದುವು.

ಪಶ್ಚಿಮಕ್ಕೆ ಬಂದ ಭರಣಿಗೆ ಮಾವಿನಮಿಡಿ ಸೇರಿತು. ಪೂರ್ವಕ್ಕೆ, ಜಪಾನಿಗೆ ಹೋದ ಭರಣಿಗೆ ಸೇರಿದುದು ಚಹಾ. ವಸಂತದ ಕೊನೆಯಲ್ಲಿ ಕೊಯ್ದ ಎಳೆಯ ಎಲೆಯನ್ನು ಅಲ್ಲಿನವರು ಇಂಥ ಭರಣಿಯಲ್ಲಿ ತುಂಬಿ, ಬಾಯಿಗೆ ಮುದ್ರೆಯಿಟ್ಟು, ಬೇಸಿಗೆಯೆಲ್ಲ ತಂಪಾದ ಎಡೆಯಲ್ಲಿರಿಸಿ, ನವೆಂಬರಿನಲ್ಲಿ ವಿಧಿಪೂರ್ವಕವಾಗಿ ಮುದ್ರೆಯೊಡೆದು ತೆಗೆಯುವ ಸಂಪ್ರದಾಯವನ್ನು ಬೆಳೆಸಿದರು. ಆ ಆರು ತಿಂಗಳ ಅಜ್ಞಾತವಾಸದಲ್ಲಿ ಹಸಿ ಎಲೆಯ ಒರಟುತನ ಹೋಗಿ ಚಹಾ ಮೃದುವಾಗುತ್ತದೆಂಬುದು ಅವರ ಅನುಭವ. ಚೀನದ ಕುಂಬಾರ ಸರಕು ಸಾಗಿಸಲೆಂದು ಮಾಡಿದ ಸಾಮಾನ್ಯ ಜಾಡಿಗಳು ಅಲ್ಲಿ ಹೆಸರಿಟ್ಟು ಗೌರವಿಸುವ ವಸ್ತುಗಳಾದುವು. 13ನೆಯ ಅಥವಾ 14ನೆಯ ಶತಮಾನದ್ದೆಂದು ಎಣಿಸಲಾದ, ಸುಮಾರು 42 ಸೆಂಟಿಮೀಟರ್ ಎತ್ತರದ, ಚಿಗುಸ ಎಂಬ ಹೆಸರಿನ ಅಂಥದೊಂದು ಭರಣಿ ಇಂದು ವಾಷಿಂಗ್ಟನ್ನಿನ ಫ್ರೀಯರ್ ಕಲಾಸಂಗ್ರಹಾಲಯದಲ್ಲಿದೆ. ಅದರ ಚಿತ್ರವನ್ನು ನೋಡಿದ ಮಲೆನಾಡಿನ ಗೃಹಿಣಿ, ಕತ್ತಿನ ಸುತ್ತಣ ನಾಲ್ಕು ಕಿವಿಗಳನ್ನು ಬಿಟ್ಟರೆ, ಅದರಲ್ಲಿ ಹೊಸದೇನನ್ನೂ ಕಾಣಳು.

ಕರಾವಳಿಯಿಂದ ಘಟ್ಟ ಹತ್ತಿದ ಈ ಪಾತ್ರೆ ಮಲೆನಾಡಿನ ಉಗ್ರಾಣಗಳಲ್ಲಿ ನೆಲೆಯೂರಿತು. ನಮ್ಮ ದೇಶದಲ್ಲಿ ಉಪ್ಪಿನಕಾಯಿಯ ವೈವಿಧ್ಯ ಎಷ್ಟಿತ್ತೆಂಬುದಕ್ಕೆ ಸಾಕ್ಷಿಯಾಗಿ, ಗುರುಲಿಂಗ ದೇಶಿಕನು 1594ರಲ್ಲಿ ಬರೆದ ಲಿಂಗಪುರಾಣದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳು ಬರುತ್ತವೆಂಬುದನ್ನು ಆಹಾರದ ಇತಿಹಾಸವನ್ನು ಬರೆದ ಕೆ. ಟಿ. ಅಚ್ಚಯ್ಯನವರು ಎತ್ತಿ ಹೇಳಿದ್ದಾರೆ. ಸಾಮಾನ್ಯರ ಮನೆಗಳಲ್ಲಿ ಮಣ್ಣಿನ ಗಡಿಗೆಯೂ ನಡೆಯುತ್ತಿತ್ತು. ಆದರೆ ಗಡಿಗೆಯ ಮೈಯಲ್ಲಿ ಸೂಕ್ಷ್ಮರಂಧ್ರಗಳು. ಉಪ್ಪುನೀರು ಅವುಗಳ ಮೂಲಕ ಹೊರಸೂಸಿ ಹೊರಮೈಯ ಮೇಲೆ ಬಿಳಿಯ ಉಪ್ಪು ಹೂವಾಗಿ ಅರಳುತ್ತದೆ. ಒಳಗಿನ ಮಿಡಿ ಬತ್ತುತ್ತದೆ. ಹಿತ್ತಾಳೆ, ತಾಮ್ರಗಳ ಸಂಗತಿ ಹೇಳಲೇಬೇಕಾಗಿಲ್ಲ: ಕಲಾಯಿ ಸವೆದ ಒಂದು ಚುಕ್ಕೆ ಸಾಕು, ಹುಳಿ ಅಲ್ಲಿ ಕಿಲುಬನ್ನು ಎಬ್ಬಿಸಿ ಇಡೀ ಪಾತ್ರೆಯ ಪದಾರ್ಥವನ್ನು ವಿಷಮಾಡುತ್ತದೆ. ಆಧುನಿಕರ ಸ್ಟೀಲನ್ನೂ ಉಪ್ಪು ಬಿಡುವುದಿಲ್ಲ. ತಿಂಗಳುಗಟ್ಟಲೆ ಸಂಪರ್ಕವಾದರೆ ಅದರ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಕೊರೆಯುತ್ತದೆ. 1200 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಾದ ಕಾವಿನಲ್ಲಿ ಬೆಂದ ಭರಣಿಯ ಮಣ್ಣಾದರೋ ಕಣಕಣವೂ ಕರಗಿ ಬೆಸೆದುಕೊಂಡು ಶಿಲೆಯಂತಾಗಿರುತ್ತದೆ. ಅದರ ಮೇಲಿನ ಮೆರುಗು ಗಾಜೇ ಆದುದರಿಂದ ಉಪ್ಪು, ಹುಳಿ, ಸಾಸಿವೆಯ ಘಾಟು ಯಾವುದಕ್ಕೂ ಅದು ಉತ್ತರ ಕೊಡುವುದಿಲ್ಲ.

ಬೆಂಗಳೂರಿನ ದಕ್ಷಿಣಭಾಗದ ಕಥೆ 1898ರಿಂದ ಆರಂಭವಾಗುತ್ತದೆ. ಆ ವರ್ಷದ ಪ್ಲೇಗು ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ತೊರೆದು ಜನ ಹೊರಕ್ಕೆ ಬರುವಂತೆ ಮಾಡಿದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡುವು. ಗಾಳಿ ಬೆಳಕುಗಳಿಗೆ ಎಡೆಯಿಟ್ಟ ಆ ಮನೆಗಳಲ್ಲಿಯೂ ಉಗ್ರಾಣವೊಂದು ಮಾತ್ರ ಕತ್ತಲೆಯಾಗಿಯೇ ಉಳಿಯಿತು, ಏಕೆಂದರೆ ಅಕ್ಕಿಗೂ ಭರಣಿಗೂ ಬೇಕಾದುದು ಅದೇ. 1948ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲನ್ನಿಟ್ಟರು. ಅದೇ ವರ್ಷ ಸುಬ್ಬಮ್ಮ ಎಂಬ ಮಹಿಳೆ, ಗಾಂಧಿ ಬಜಾರಿನಲ್ಲಿ, ಹಪ್ಪಳ ಸಂಡಿಗೆ ಪುಡಿಗಳ ಅಂಗಡಿಯನ್ನು ಆರಂಭಿಸಿದರು. ಇಂದಿಗೂ ಊರು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತದೆ. ಈ ಎರಡು ಸಂಗತಿಗಳನ್ನು ನಾನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ: ಒಂದು, ಹೊಸ ಮನೆಗಳ ಹುಟ್ಟು, ಇನ್ನೊಂದು, ಆ ಮನೆಗಳಲ್ಲಿ ಮಾಡುತ್ತಿದ್ದುದನ್ನು ಬಜಾರಿನಿಂದ ಕೊಳ್ಳಬಹುದೆಂಬ ಅನುಕೂಲದ ಹುಟ್ಟು. ದೊಡ್ಡ ಭರಣಿ ಕಿರಿದಾಗುತ್ತ ಬಂದುದರ ಮೂಲ ಇಲ್ಲಿಯೇ ಇದೆ.

ಭರಣಿಗಳು ಆ ಕಾಲಕ್ಕೆ ಚೀನದಿಂದ ಬರುತ್ತಿರಲಿಲ್ಲ. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ ಮೈಸೂರು ಸರಕಾರ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಮಂದಿರದ ಸಮೀಪದಲ್ಲಿ, ಪಿಂಗಾಣಿ ಕಾರ್ಖಾನೆಯೊಂದನ್ನು ಸ್ಥಾಪಿಸಿತಾದರೂ ಅದರ ಮುಖ್ಯ ಉದ್ದೇಶ ವಿದ್ಯುತ್ ಕಂಬಗಳ ಇನ್ಸುಲೇಟರುಗಳು. ಶಿವನಸಮುದ್ರದ ವಿದ್ಯುತ್ತನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಲು ಹೊರಟ ಸಂಸ್ಥಾನಕ್ಕೆ ಅದೇ ಮೊದಲ ಅಗತ್ಯವಾಗಿತ್ತು. ಅಡಿಗೆಮನೆಯ ಜಾಡಿ ಬಹುಮಟ್ಟಿಗೆ ಉತ್ತರದ ಖುರ್ಜಾ, ಚುನಾರ್, ಗುಜರಾತಿನ ಥಾನ್‌ಗಢಗಳಂಥ ಕುಂಬಾರಿಕೆಯ ಊರುಗಳಿಂದ, ಹುಲ್ಲಿನ ನಡುವೆ ಹುದುಗಿ ಬಂದಿತು.

ಈಗ ಆ ಭರಣಿಯೊಳಗೆ ನಡೆಯುವುದನ್ನು ನೋಡೋಣ. ಸಾಗರ, ಸಿದ್ದಾಪುರ, ಸಿರಸಿ, ರಿಪ್ಪನ್‌ಪೇಟೆಗಳ ಕಡೆಯಿಂದ ಬರುವ ಅಪ್ಪೆಮಿಡಿಗೆ, ಹೊಳೆಯ ದಡದ ಕಾಡುಮಾವಿನ ಮರಗಳಲ್ಲಿ ಬಿಡುವ ಆ ಎಳೆಗಾಯಿಗೆ, ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಜೀರಿಗೆಯ ಕಂಪಿನದು, ಕರ್ಪೂರದ ಕಂಪಿನದು ಎಂದು ಮರಮರಕ್ಕೂ ಅದರ ಗುಣ ಬೇರೆ. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಕಂಪು ಹೋಗುತ್ತದೆ. ಆದುದರಿಂದ ತೊಟ್ಟು ಸಹಿತವಾಗಿ ಕೊಯ್ದ ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ನೀರಾರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು ಎಂದು ತುಂಬಿ, ಮೇಲೆ ಶುಭ್ರವಾದ ಭಾರವಿಡುತ್ತಾರೆ. ಉಪ್ಪು ಮಿಡಿಯ ನೀರನ್ನು ಹೊರಕ್ಕೆಳೆಯುತ್ತದೆ. ಕೆಲವೇ ದಿನಗಳಲ್ಲಿ ಹಸಿರಾಗಿ ಉಬ್ಬಿದ್ದ ಕಾಯಿ ಚಿರುಟಿಕೊಂಡು ತನ್ನ ರಸದಲ್ಲಿ ತಾನೇ ಮುಳುಗುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿಯೇ ಸಾಸಿವೆಯನ್ನೂ ಬ್ಯಾಡಗಿ ಮೆಣಸಿನಕಾಯಿಯನ್ನೂ ಅರಿಸಿನವನ್ನೂ ಅರೆದು ಹೊರಣ ಮಾಡಿ, ಮಿಡಿಗೆ ಕೂಡಿಸಿ, ಬಾಯಿಗೆ ಒಗೆದೊಣಗಿದ ಬಟ್ಟೆ ಕಟ್ಟುತ್ತಾರೆ. ಬಿಗಿಯಾದ ತಿರುಪಿನ ಮುಚ್ಚಳಕ್ಕಿಂತ ಬಟ್ಟೆಯೇ ಇಲ್ಲಿ ಶ್ರೇಷ್ಠ, ಏಕೆಂದರೆ ಮೊದಲ ವಾರಗಳಲ್ಲಿ ಒಳಗೆ ಹುಟ್ಟುವ ಅನಿಲಕ್ಕೆ ಹೋಗಲು ದಾರಿ ಬೇಕು. ಭರಣಿಯನ್ನು ತೆರೆಯುವಾಗ ಒಣಗಿದ ಚಿಪ್ಪಿನ ಸೌಟು, ಒಣಗಿದ ಕೈ, ಇಷ್ಟು ನಿಯಮ. ಮಡಿಯ ಹೆಸರಿನಲ್ಲಿ ಮನೆಯ ಹೆಣ್ಣುಮಕ್ಕಳನ್ನೇ ತಿಂಗಳಲ್ಲಿ ಕೆಲವು ದಿನ ಭರಣಿಯಿಂದ ದೂರವಿಟ್ಟ ಪದ್ಧತಿಯನ್ನು ನಾನು ಸಮರ್ಥಿಸಲಾರೆ. ಉಪ್ಪಿನಕಾಯಿಗೆ ವೈರಿ ನೀರಿನ ಹನಿಯೇ ಹೊರತು ಮನುಷ್ಯರ ಸ್ಪರ್ಶವಲ್ಲ.

ಜೆ. ಪಿ. ನಗರ, ಬಿಟಿಎಂ ಬಡಾವಣೆಗಳಲ್ಲಿ ಮನೆಯ ಮೇಲೆ ಮನೆ ಎದ್ದ ಮೇಲೆ ಉಗ್ರಾಣ ಮಾಯವಾಯಿತು. ಹಾರ್ಲಿಕ್ಸಿನ ಗಾಜಿನ ಬಾಟಲಿ ಭರಣಿಯ ಸ್ಥಾನಕ್ಕೆ ಬಂತು. ಅದರ ಗಾಜು ನಿರ್ದೋಷಿಯಾದರೂ ಬೆಳಕನ್ನು ತಡೆಯದು, ಅದರ ತಗಡಿನ ಮುಚ್ಚಳವಂತೂ ಉಪ್ಪಿಗೆ ಬೇಗನೆ ತುಕ್ಕು ಹಿಡಿಯುತ್ತದೆ. ಅನಂತರ ಪ್ಲಾಸ್ಟಿಕ್ಕು ಬಂತು. ಮೆಣಸಿನ ಕೆಂಪನ್ನೂ ಇಂಗಿನ ವಾಸನೆಯನ್ನೂ ಒಮ್ಮೆ ಹೀರಿಕೊಂಡರೆ ಮತ್ತೆ ಬಿಡದ ಆ ಡಬ್ಬಕ್ಕೆ ಹಗುರವೆಂಬುದೊಂದೇ ಗುಣ. ಈಚೆಗೆ ಭರಣಿ ಮರಳಿ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಹಲವು ಮನೆಗಳಲ್ಲಿ ಅದು ಹೂದಾನಿಯಾಗಿಯೋ ಮೂಲೆಯ ಅಲಂಕಾರವಾಗಿಯೋ ಬರುತ್ತಿದೆ, ಬರಿದಾಗಿ.

ಹಳೆಯ ಚಹಾವನ್ನು ಮನೆಯಲ್ಲಿ ಇರಿಸಿಕೊಳ್ಳಬೇಕೆಂಬ ಅಭಿರುಚಿಯುಳ್ಳವರಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಚೀನದ ಯುನ್ನಾನ್ ಪ್ರಾಂತದ ಪು-ಎರ್ ಚಹಾ, ವಾಡಿಕೆಯಂತೆ 357 ಗ್ರಾಂ ತೂಕದ ಬಿಲ್ಲೆಗಳಾಗಿ ಒತ್ತಿ, ಏಳೇಳನ್ನು ಬಿದಿರಿನ ಪೊರೆಯಲ್ಲಿ ಕಟ್ಟಿಟ್ಟದ್ದು, ವರ್ಷಗಳು ಕಳೆದಂತೆ ಕಹಿ ಕಳೆದುಕೊಂಡು ಗಾಢವಾಗುತ್ತದೆ. ಆದರೆ ಅದರ ಪರಿಪಾಕಕ್ಕೆ ಗಾಳಿಯೂ ಹದವಾದ ತೇವವೂ ಅವಶ್ಯಕ. ಅದಕ್ಕೆ ಮೆರುಗಿಲ್ಲದ ಮಣ್ಣಿನ ಜಾಡಿ, ಸಡಿಲವಾದ ಮುಚ್ಚಳ ಒಳ್ಳೆಯದು. ಉಪ್ಪಿನಕಾಯಿಗೆ ದೋಷವಾದ ರಂಧ್ರವೇ ಚಹಾಕ್ಕೆ ಗುಣ. ಚೈತ್ರ ವೈಶಾಖಗಳಲ್ಲಿ ಒಣಗಿ ಬಿಸಿಯಾಗುವ, ಶ್ರಾವಣದಲ್ಲಿ ತೇವಭರಿತವಾಗುವ ಬೆಂಗಳೂರಿನ ಹವೆಯಲ್ಲಿ ಆ ಜಾಡಿಯನ್ನು ಮನೆಯ ಒಳಗೋಡೆಯ ಬದಿಯಲ್ಲಿ, ಬಿಸಿಲು ಬೀಳದೆಡೆ ಇಡಬೇಕು. ಒಗ್ಗರಣೆಯ ಹೊಗೆಯಾಡುವ ಅಡಿಗೆಮನೆಯಲ್ಲಿ ಮಾತ್ರ ಬೇಡ. ಚಹಾದ ಎಲೆ ಸುತ್ತಣ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಉಪ್ಪಿನಕಾಯಿ ಕಂಡ ಭರಣಿಗೆ, ಎಷ್ಟು ತೊಳೆದಿದ್ದರೂ, ಚಹಾವನ್ನು ಹಾಕಲೇಬಾರದು.

ಕೊಳ್ಳುವವರು ಭರಣಿಯ ಮೈಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಣಗಣ ನಾದ ಬಂದರೆ ಬಿರುಕಿಲ್ಲ. ಬಾಯಿಯ ಒಳಅಂಚಿನವರೆಗೂ ಮೆರುಗು ಹಬ್ಬಿರಬೇಕು. ಮನೆಗೆ ತಂದ ಮೇಲೆ ನೀರು ತುಂಬಿ ಒಂದು ರಾತ್ರಿ ಕಾಗದದ ಮೇಲಿಟ್ಟು, ಬೆಳಗ್ಗೆ ಕಾಗದ ಒಣಗಿಯೇ ಇದ್ದರೆ ಆ ಪಾತ್ರೆಯನ್ನು ನಂಬಬಹುದು. ಸಣ್ಣ ಮನೆಗೆ ಐದು ಕಿಲೋ ಹಿಡಿಯುವ ಒಂದು, ಅರ್ಧ ಕಿಲೋ ಹಿಡಿಯುವ ಒಂದು, ಹೀಗೆ ಎರಡು ಸಾಕು. ದೊಡ್ಡದಕ್ಕೆ ಮಂಚದ ಕೆಳಗಿನ ಕತ್ತಲೆಯೂ ಉಗ್ರಾಣವೇ.

ಮೇಲಿನ ಸಜ್ಜೆಯಲ್ಲಿ ಅಜ್ಜಿಯ ಕಾಲದ ಭರಣಿಯಿದ್ದವರು ಅದನ್ನು ಹಳೆ ಸಾಮಾನಿನವನಿಗೆ ಕೊಡಬಾರದೆಂದು ನನ್ನ ವಿಜ್ಞಾಪನೆ. ಬಿರುಕಿಲ್ಲವಾದರೆ ಇಳಿಸಿ, ಬಿಸಿನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗಿಟ್ಟು ಒಣಗಿಸಿಡಿರಿ. ಯುಗಾದಿಯ ಆಸುಪಾಸಿನಲ್ಲಿ ಮಿಡಿ ಬರುತ್ತದೆ.